ಹೈವೇಗೆ ಮಾಡಿದ ಎಂಜಿನ್, ಹೆಬ್ರಿಯ ತೋಟದ ದಾರಿ

ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದ್ದೆ. ಹಿಂದೆ ತೆಂಗಿನಕಾಯಿ ಲೋಡು, ಮುಟ್ಟಿಸಬೇಕಾದ್ದು ತೀರ್ಥಹಳ್ಳಿಗೆ. ಮೂರನೇ ತಿರುವಿನಲ್ಲಿ ಪಿಕಪ್‌ನ ಬಲವೇ ಹೋಯಿತು. ಎಕ್ಸಲೇಟರ್ ಎಷ್ಟು ಒತ್ತಿದರೂ ಗಾಡಿ ಮನುಷ್ಯ ನಡೆಯುವ ವೇಗದಲ್ಲೇ ತೆವಳುತ್ತಿತ್ತು. ಮೀಟರ್ ಬೋರ್ಡಿನಲ್ಲಿ ಒಂದು ವಾರದಿಂದ ಹೊತ್ತಿಕೊಂಡಿದ್ದ ಹಳದಿ ದೀಪದ ಪಕ್ಕದಲ್ಲಿ ಈಗ ಇನ್ನೊಂದು ದೀಪ. ಹಿಂದೆ ಬಸ್ಸು, ಕಾರುಗಳ ಸಾಲು, ಹಾರ್ನ್ ಮೇಲೆ ಹಾರ್ನ್. ಅಗಲ ಇರುವಲ್ಲಿ ನಿಲ್ಲಿಸಿ, ಇನ್ನೊಂದು ಗಾಡಿ ತರಿಸಿ, ಕಾಯಿಯನ್ನೆಲ್ಲ ಅದಕ್ಕೆ ತುಂಬಿಸಿ ಕಳಿಸಿದೆ. ಖಾಲಿ ಗಾಡಿಯಲ್ಲಿ ನಿಧಾನಕ್ಕೆ ಕೆಳಗೆ ಇಳಿದು ಬಂದೆ.

ಸರ್ವಿಸ್ ಸೆಂಟರಿನ ಹುಡುಗ ಲ್ಯಾಪ್‌ಟಾಪ್ ಹಾಕಿ ನೋಡಿ ಹೇಳಿದ: “ಡಿಪಿಎಫ್ ಜಾಮ್ ಆಗಿದೆ. ದಿನಾ ಎಷ್ಟು ಓಡಿಸ್ತೀರಿ?”

“ಬೆಳಿಗ್ಗೆ ಡೈರಿಗೆ, ಆಮೇಲೆ ಹೆಬ್ರಿ ಪೇಟೆಗೆ. ಹೋಗಿ ಬರುವಾಗ 12 ಕಿಲೋಮೀಟರ್.”

“ಅದಕ್ಕೇ ಆದದ್ದು ಮಾರಾಯ್ರೆ. ಈ ಗಾಡಿಗೆ ಹೈವೇ ಓಟ ಬೇಕು.”

ಗಾಡಿ ಎರಡು ದಿನ ಅಲ್ಲೇ ಉಳಿಯಿತು, ಬಿಲ್ಲು 18 ಸಾವಿರ ಆಯಿತು. ದುಡ್ಡಿಗಿಂತ ಹೆಚ್ಚು ನನ್ನನ್ನು ಕೊರೆದದ್ದು ಆ ಪ್ರಶ್ನೆ. ದಿನಾ ಎಷ್ಟು ಓಡಿಸ್ತೀರಿ ಅಂತ ಗಾಡಿ ಮಾರುವಾಗ ಯಾರೂ ಕೇಳಲಿಲ್ಲ. ಲೋಡು ಎಷ್ಟು, ಮೈಲೇಜ್ ಎಷ್ಟು, ಕಂತು ಎಷ್ಟು ಅಂತ ಮಾತ್ರ ಮಾತಾಡಿದೆವು. ಇವತ್ತು ಗೂಡ್ಸ್ ಗಾಡಿ ತಗೊಳ್ಳುವ ರೈತ ಮೊದಲು ನೋಡಬೇಕಾದ್ದು ಮೈಲೇಜ್ ಅಲ್ಲ, ತನ್ನ ದಿನದ ಓಟ. ಕಂಪನಿಗಳು ಎಂಜಿನ್ ಆಯ್ಕೆ ಮಾಡುವುದು ಹೈವೇ ಲೆಕ್ಕದಲ್ಲಿ. ನಮ್ಮ ದಾರಿಯ ಲೆಕ್ಕ ನಾವೇ ಹಾಕಬೇಕು.

ಡಿಪಿಎಫ್ ಯಾಕೆ ಬಂತು?

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ಗಾಡಿಗಳೆಲ್ಲ ಬಿಎಸ್-6. ನಾವು ಬಿಎಸ್-4ರಿಂದ ಬಿಎಸ್-5 ಬಿಟ್ಟು ನೇರವಾಗಿ ಆರಕ್ಕೆ ಹಾರಿದೆವು. ಡೀಸೆಲ್‌ನಲ್ಲಿದ್ದ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಭಾರೀ ಲಾರಿಗಳ ಎಂಜಿನ್ ಬಿಡಬಹುದಾದ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂನಿಂದ 0.4 ಗ್ರಾಂಗೆ ಬಂತು. ಇದು ಒಳ್ಳೆಯದೇ. ಹಳೆ ಲಾರಿಯ ಹಿಂದೆ ಬೈಕಿನಲ್ಲಿ ಘಾಟಿ ಹತ್ತಿದವನಿಗೆ ಆ ಕಪ್ಪು ಹೊಗೆ ಏನು ಅಂತ ಗೊತ್ತು. ಬಿಎಸ್-6 ಬೇಡ ಅಂತ ನಾನು ಹೇಳುವುದಿಲ್ಲ.

ಡಿಪಿಎಫ್ ಅಂದರೆ ಸೈಲೆನ್ಸರ್ ದಾರಿಯಲ್ಲಿ ಕೂರಿಸಿದ ಮಸಿ ಹಿಡಿಯುವ ಜರಡಿ. ಹಿಡಿದ ಮಸಿಯನ್ನು ಗಾಡಿ ಆಗಾಗ ತಾನೇ ಸುಡುತ್ತದೆ. ಇದಕ್ಕೆ ರೀಜನರೇಶನ್ ಅಂತಾರೆ. ಸುಡಲು ಜರಡಿಯೊಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ಎಂಜಿನ್ ಚೆನ್ನಾಗಿ ಕಾದು, ನಿಲ್ಲದೆ ಸ್ವಲ್ಪ ಹೊತ್ತು ಓಡಿದರೆ ಮಾತ್ರ ಅಷ್ಟು ಬಿಸಿ ಬರುತ್ತದೆ. ಮೂರು ಕಿಲೋಮೀಟರ್ ಹೋಗಿ ಆಫ್, ಮತ್ತೆ ಮೂರು ಕಿಲೋಮೀಟರ್ ಹೋಗಿ ಆಫ್ ಅಂತ ಓಡಿಸಿದರೆ ಮಸಿ ಸೇರುತ್ತಾ ಹೋಗುತ್ತದೆ, ಸುಡುವುದಿಲ್ಲ. ಕೊನೆಗೆ ಎಂಜಿನ್ ತನ್ನನ್ನು ಉಳಿಸಿಕೊಳ್ಳಲು ಬಲ ಇಳಿಸುತ್ತದೆ. ನನಗೆ ಘಾಟಿಯಲ್ಲಿ ಆದದ್ದು ಇದೇ.

ಇನ್ನೊಂದು ಉಂಟು. ಸುಡುವ ಕೆಲಸ ಅರ್ಧಕ್ಕೆ ನಿಂತರೆ, ಅದಕ್ಕಾಗಿ ಎಂಜಿನ್ ಹೆಚ್ಚುವರಿ ಹಾಕಿದ ಡೀಸೆಲ್ ಸ್ವಲ್ಪ ಸ್ವಲ್ಪ ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಡ್ಡಿ ತೆಗೆದು ನೋಡಿದಾಗ ಮಟ್ಟ ಇಳಿಯುವ ಬದಲು ಏರಿದ್ದರೆ ಖುಷಿಪಡಬೇಡಿ, ಕೂಡಲೆ ತೋರಿಸಿ.

ಕಂಪನಿ ಕಟ್ಟುವ ಬಾಜಿ

ಎಂಜಿನ್ ಆಯ್ಕೆ ಅಂದರೆ ವಿಜ್ಞಾನ ಮಾತ್ರ ಅಲ್ಲ, ವ್ಯಾಪಾರದ ಬಾಜಿಯೂ ಹೌದು. 2017ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಬಿಎಸ್-4 ಬಂದಾಗ ದೊಡ್ಡ ಲಾರಿಗಳಲ್ಲಿ ಎರಡು ದಾರಿ ಕಂಡಿತು. ಟಾಟಾದ ಭಾರೀ ಲಾರಿಗಳು ಎಸ್‌ಸಿಆರ್ ಹಿಡಿದವು. ಇದರಲ್ಲಿ ಎಂಜಿನ್ ಬಿಸಿಯಾಗಿಯೇ ಉರಿಯಲಿ, ಹೊಗೆಯನ್ನು ಆಮೇಲೆ ಯೂರಿಯಾ ದ್ರಾವಣ ಸಿಂಪಡಿಸಿ ಶುದ್ಧ ಮಾಡುವ ಅಂತ ಲೆಕ್ಕ. ಆ ದ್ರಾವಣಕ್ಕೆ ಡಿಇಎಫ್ ಅಂತ ಹೆಸರು. ಅಶೋಕ್ ಲೇಲ್ಯಾಂಡ್ ಐಇಜಿಆರ್ ಅಂತ ತಂದಿತು. ಹೊಗೆಯ ಒಂದು ಪಾಲನ್ನು ಪುನಃ ಎಂಜಿನ್ನಿಗೇ ಕಳಿಸಿ, ಉರಿಯುವ ಬಿಸಿಯನ್ನು ತಗ್ಗಿಸುವ ದಾರಿ ಅದು. ಡಿಇಎಫ್ ಖರ್ಚು ಇಲ್ಲ ಅನ್ನುವುದು ಅದರ ದೊಡ್ಡ ಆಕರ್ಷಣೆಯಾಗಿತ್ತು. ಮೂರೇ ವರ್ಷದಲ್ಲಿ ಬಿಎಸ್-6 ಬಂತು. ಮಿತಿ ಎಷ್ಟು ಬಿಗಿಯಾಯಿತು ಅಂದರೆ ಭಾರೀ ಡೀಸೆಲ್ ಲಾರಿಗೆ ಎಸ್‌ಸಿಆರ್ ಬಿಟ್ಟು ಗತಿ ಇಲ್ಲದಾಯಿತು, ಲೇಲ್ಯಾಂಡ್ ಕೂಡ ಅದನ್ನೇ ಸೇರಿಸಿಕೊಂಡಿತು.

ಅಮೆರಿಕದಲ್ಲಿ ಇದೇ ಕತೆ ಇನ್ನೂ ಜೋರಾಗಿ ನಡೆಯಿತು. ಅಲ್ಲಿ 2010ರ ಹೊಸ ನಿಯಮಕ್ಕೆ ಉಳಿದ ಲಾರಿ ಕಂಪನಿಗಳು ಎಸ್‌ಸಿಆರ್ ಹಿಡಿದರೆ, ನ್ಯಾವಿಸ್ಟಾರ್ ಮಾತ್ರ ಇಜಿಆರ್ ಒಂದರಲ್ಲೇ ಗೆಲ್ಲುತ್ತೇನೆ ಅಂತ ಹೊರಟಿತು. ಆಗಲಿಲ್ಲ. 2012ರಲ್ಲಿ ಹಟ ಬಿಟ್ಟು, ಕಮಿನ್ಸ್ ಎಂಜಿನ್ ಮತ್ತು ಎಸ್‌ಸಿಆರ್ ಕಡೆಗೆ ತಿರುಗಿತು. ಅಷ್ಟರಲ್ಲಿ ಆ ಲಾರಿಗಳನ್ನು ತಗೊಂಡವರು ಪದೇ ಪದೇ ಕೆಟ್ಟು ನಿಂತ ಗಾಡಿ ಹಿಡಿದುಕೊಂಡು ಕೋರ್ಟಿಗೆ ಹೋಗಬೇಕಾಯಿತು. ಬಾಜಿ ಕಟ್ಟುವುದು ಕಂಪನಿ, ಸೋತರೆ ಮೊದಲ ಪೆಟ್ಟು ತಿನ್ನುವುದು ಗಾಡಿ ತಗೊಂಡವನು.

ನಮಗೇನು ಆ ದೊಡ್ಡ ಲಾರಿಯ ಕತೆ ಅಂತ ಕೇಳಬಹುದು. 14 ತಿರುವಿನ ಆಗುಂಬೆ ಘಾಟಿಯಲ್ಲಿ ಭಾರೀ ಲಾರಿಗೆ ಅವಕಾಶ ಇಲ್ಲ. ಹಾಗಾಗಿ ಹೆಬ್ರಿಯಿಂದ ಮೇಲೆ ಹೋಗುವ ಕಾಯಿ, ಮೇಲಿಂದ ಇಳಿಯುವ ಬೈಹುಲ್ಲು, ತರಕಾರಿ ಎಲ್ಲ ಸಣ್ಣ ಗಾಡಿಯಲ್ಲೇ ಆಗಬೇಕು. ಆ ಸಣ್ಣ ಗಾಡಿಯಲ್ಲೂ ಇದೇ ಬಾಜಿ ನಡೆಯುತ್ತಾ ಉಂಟು. 2005ರಲ್ಲಿ ಟಾಟಾ ಏಸ್ ಬಂದಾಗ ಎರಡು ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಕೂರಿಸುತ್ತಿದ್ದ. ಬಿಎಸ್-6 ಕಾಲಕ್ಕೆ ಅದೇ ಏಸ್‌ಗೆ ಪೆಟ್ರೋಲ್ ಎಂಜಿನ್ ಬಂತು, 2022ರಲ್ಲಿ ಬ್ಯಾಟರಿ ಗಾಡಿಯೂ ಬಂತು. ಮಾರುತಿ 2016ರಲ್ಲಿ ಸೂಪರ್ ಕ್ಯಾರಿಯನ್ನು ಡೀಸೆಲ್‌ನಲ್ಲಿ ತಂದಿತ್ತು, ಈಗ ಅದು ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ. ಸಣ್ಣ ಡೀಸೆಲ್ ಎಂಜಿನ್ನಿಗೆ ಇಷ್ಟೆಲ್ಲ ಶುದ್ಧೀಕರಣ ಕೂರಿಸಿದರೆ ಬೆಲೆ ಗಿಟ್ಟುವುದಿಲ್ಲ ಅನ್ನುವುದು ಲೆಕ್ಕ. ಈ ಒಂದು ವಿಷಯದಲ್ಲಿ ಕಂಪನಿಗಳ ಲೆಕ್ಕ ನಮಗೂ ಸರಿಹೊಂದುತ್ತದೆ.

ಹಾಗಾದರೆ ಯಾವುದು ತಗೊಳ್ಳುವುದು?

ಒಂದು ತಿಂಗಳು ಮೊಬೈಲಿನಲ್ಲಿ ಬರೆದಿಡಿ: ಪ್ರತಿ ಸಲ ಎಷ್ಟು ಕಿಲೋಮೀಟರ್, ಎಷ್ಟು ಲೋಡು, ಘಾಟಿ ಎಷ್ಟು ಸಲ. ಹಳೆ ಗಾಡಿ ಇದ್ದರೆ ಅದರದ್ದೇ ಬರೆಯಿರಿ, ಇಲ್ಲದಿದ್ದರೆ ಬಾಡಿಗೆ ಗಾಡಿಯದ್ದು. ಆಮೇಲೆ ಹೀಗೆ ನೋಡಿ:

- ಓಟ ಹೆಚ್ಚಾಗಿ 10 ಕಿಲೋಮೀಟರ್ ಒಳಗೆ, ಲೋಡು ಮುಕ್ಕಾಲು ಟನ್ ಒಳಗೆ ಇದ್ದರೆ ಡೀಸೆಲ್ ಬೇಡ. ಪೆಟ್ರೋಲ್ ಗಾಡಿಯೇ ಸಾಕು. ಲೀಟರಿಗೆ ಸ್ವಲ್ಪ ಕಡಿಮೆ ಓಡಬಹುದು, ಆದರೆ ಜರಡಿ ಜಾಮ್ ಆಗುವ ತಲೆಬಿಸಿ ಇಲ್ಲ.
- ಸಿಎನ್‌ಜಿ ಅಗ್ಗ ಅಂತ ಹಾರಬೇಡಿ. ನೀವು ದಿನಾ ಹೋಗುವ ದಾರಿಯಲ್ಲೇ ಬಂಕ್ ಉಂಟಾ ಅಂತ ಮೊದಲು ನೋಡಿ. ಗ್ಯಾಸಿನಲ್ಲಿ ಏರು ಹತ್ತುವ ಬಲವೂ ಸ್ವಲ್ಪ ತಗ್ಗುತ್ತದೆ.
- ವಾರಕ್ಕೆ ಎರಡು ಮೂರು ಸಲ ಉಡುಪಿ, ಕಾರ್ಕಳ ಅಥವಾ ಘಾಟಿ ಮೇಲೆ ಒಂದು ಟನ್‌ಗಿಂತ ಹೆಚ್ಚು ಲೋಡು ಹೋಗುವುದಿದ್ದರೆ ಡೀಸೆಲ್ ಪಿಕಪ್ಪೇ ಸರಿ. ಬೊಲೆರೊ ಪಿಕಪ್ ಥರದ ಗಾಡಿಯ ಟಾರ್ಕ್ 200 ಎನ್‌ಎಂ ಆಸುಪಾಸು, ಸಣ್ಣ ಪೆಟ್ರೋಲ್ ಗಾಡಿಯದ್ದು ಅದರ ಅರ್ಧ. ಘಾಟಿಯಲ್ಲಿ ಆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.
- ಎರಡೂ ಥರದ ಓಟ ಇದ್ದರೆ ಡೈರಿ, ಪೇಟೆಗೆ ಬೈಕೋ ಗೂಡ್ಸ್ ರಿಕ್ಷಾವೋ ಇರಲಿ. ಪಿಕಪ್ಪನ್ನು ದೂರದ ಲೋಡಿಗೇ ಇಡಿ. ನಾನೀಗ ಹಾಗೇ ಮಾಡ್ತಿದ್ದೇನೆ.

ಈಗಾಗಲೇ ಡೀಸೆಲ್ ಬಿಎಸ್-6 ಇದ್ದವರಿಗೆ

ವಾರಕ್ಕೊಮ್ಮೆಯಾದರೂ ಉಡುಪಿ ರಸ್ತೆಯಲ್ಲಿ ನಿಲ್ಲಿಸದೆ 20-30 ನಿಮಿಷ ಒಂದೇ ಹದದಲ್ಲಿ ಓಡಿಸಿ. ಡಿಪಿಎಫ್ ದೀಪ ಹೊತ್ತಿದ ದಿನವೇ ಓಡಿಸಿ, ನನ್ನ ಹಾಗೆ ಒಂದು ವಾರ ಬಿಡಬೇಡಿ. ಕೆಲವು ಗಾಡಿಗಳಲ್ಲಿ ನಿಂತಲ್ಲೇ ಮಸಿ ಸುಡುವ ಸ್ವಿಚ್ ಇರುತ್ತದೆ. ಅದನ್ನು ಒತ್ತುವಾಗ ಗಾಡಿ ಎಲ್ಲಿ ನಿಂತಿದೆ ನೋಡಿ. ಅಡಿಕೆ ಸೋಗೆ, ತರಗೆಲೆ, ಬೈಹುಲ್ಲಿನ ಮೇಲೆ ನಿಲ್ಲಿಸಿ ಒತ್ತಿದರೆ ಬೆಂಕಿ ಹಿಡಿಯುತ್ತದೆ. ಹಟ್ಟಿ ಪಕ್ಕ ಅಂತೂ ಬೇಡವೇ ಬೇಡ. ಎಂಜಿನ್ ಆಯಿಲ್ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಹಳೆ ಗಾಡಿಯ ಆಯಿಲ್ ಬಿಡುವ ಬೂದಿ ಜರಡಿಯಲ್ಲಿ ಕೂತರೆ ಎಷ್ಟು ಬಿಸಿ ಮಾಡಿದರೂ ಸುಡುವುದಿಲ್ಲ.

ಡಿಇಎಫ್ ಹಾಕುವ ಗಾಡಿ ಇದ್ದವರಿಗೆ ಒಂದು ಮಾತು. ಅದು ಶುದ್ಧ ನೀರಿನಲ್ಲಿ 32.5 ಶೇಕಡಾ ಯೂರಿಯಾ, ಸರಿ. ಆದರೆ ಮನೆಯಲ್ಲಿ 45 ಕೆಜಿ ಚೀಲ ಉಂಟಲ್ಲ, ನಾವೇ ಕಲಸಿಕೊಳ್ಳುವ ಅಂತ ಹೊರಡಬೇಡಿ. ನಮಗೆ ಸಿಗುವ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ. ಅದೂ ಬಾವಿ ನೀರಿನ ಲವಣವೂ ಸೇರಿ ಸಿಂಪಡಿಸುವ ನಳಿಗೆಯನ್ನು, ಒಳಗಿನ ಕ್ಯಾಟಲಿಸ್ಟನ್ನು ಹಾಳು ಮಾಡುತ್ತವೆ. ಬಕೆಟಿಗೆ ಉಳಿಸಿದ ದುಡ್ಡು ಲಕ್ಷದ ಲೆಕ್ಕದಲ್ಲಿ ಹೋಗಬಹುದು. ಸಬ್ಸಿಡಿ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿನಲ್ಲಿ ಅಪರಾಧವೂ ಹೌದು.

ಮತ್ತೆ, “ಆ ಡಿಪಿಎಫ್ ತೆಗೆದು ಬಿಸಾಡಿ ಅಣ್ಣ, ಸಾಫ್ಟ್‌ವೇರ್ ಬದಲಿಸಿ ಕೊಡ್ತೇನೆ” ಅನ್ನುವವರು ಸಿಗುತ್ತಾರೆ. ನನಗೂ ಸಿಕ್ಕಿದರು, ಆ ಬಿಲ್ಲು ನೋಡಿದ ದಿನ ಆಸೆಯೂ ಆಯಿತು. ಮಾಡಿಸಲಿಲ್ಲ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ತಡೆ ಉಂಟು, ವಾರಂಟಿಯೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ಡೈರಿ ಎದುರು ಸಾಲಾಗಿ ನಿಲ್ಲುವುದು ನಮ್ಮದೇ ಗಾಡಿಗಳು, ಆ ಹೊಗೆ ಕುಡಿಯುವವರೂ ನಾವೇ.

ಕಂಪನಿಗಳ ಹತ್ತಿರ ಕೇಳಬೇಕಾದ್ದು

ನನ್ನ ತಕರಾರು ತಂತ್ರಜ್ಞಾನದ ಮೇಲಲ್ಲ, ಮುಚ್ಚಿಟ್ಟ ಮಾಹಿತಿಯ ಮೇಲೆ. ಹಿಂದೆ ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಮಾಡುತ್ತಿದ್ದ ಡೀಸೆಲ್ ಪಂಪನ್ನು ನಮ್ಮ ಊರುಗಳ ಮೆಕ್ಯಾನಿಕ್‌ಗಳು ಕಲಿತು, ಅದರಿಂದಲೇ ಜೀವನ ಮಾಡಿದರು. ಇವತ್ತಿನ ಎಂಜಿನ್ ಕಂಪ್ಯೂಟರ್ ಮಾತು ಮಾತ್ರ ಕೇಳುತ್ತದೆ. ಆ ಕಂಪ್ಯೂಟರ್ ಜೊತೆ ಮಾತಾಡುವ ಸಾಧನ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾತ್ರ. ಒಂದು ದೀಪ ಆರಿಸಲು ಹೆಬ್ರಿಯಿಂದ ಹತ್ತಾರು ಕಿಲೋಮೀಟರ್ ಹೋಗಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ, ಅದರಲ್ಲಿ ವಾಹನವೂ ಕೃಷಿ ಯಂತ್ರವೂ ಸೇರಿವೆ. ನಿಮ್ಮ ಕಂಪನಿ ಅಲ್ಲಿ ಏನು ಕೊಟ್ಟಿದೆ, ಏನು ಕೊಟ್ಟಿಲ್ಲ ಅಂತ ಫೋನಿನಲ್ಲೇ ನೋಡಿ, ಕೊಡದ್ದನ್ನು ಕೇಳಿ. ಅಲ್ಲಿಯವರೆಗೆ ಒಂದು ಬ್ಲೂಟೂತ್ ಒಬಿಡಿ ರೀಡರ್ ಗಾಡಿಯಲ್ಲಿರಲಿ. ಎಲ್ಲ ಕೋಡ್ ತೋರಿಸುವುದಿಲ್ಲ, ಆದರೆ ದೀಪ ಯಾಕೆ ಹೊತ್ತಿತು ಅಂತ ಅಂದಾಜಾದರೂ ಆಗುತ್ತದೆ.

ಇದು ಪಿಕಪ್‌ಗೆ ಮುಗಿಯುವ ಮಾತಲ್ಲ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಾಗಿದೆ. ಇವತ್ತಲ್ಲ ನಾಳೆ ಸಣ್ಣ ಟ್ರ್ಯಾಕ್ಟರ್‌ಗೂ ಬರುತ್ತದೆ. ಗದ್ದೆಯಲ್ಲಿ ಅರ್ಧ ಗಂಟೆ ಓಡಿಸಿ ನಿಲ್ಲಿಸುವ ನಮ್ಮ ಅಭ್ಯಾಸಕ್ಕೆ ಅಲ್ಲೂ ಇದೇ ಪ್ರಶ್ನೆ ಕಾಯ್ತಾ ಉಂಟು.

ಮುಂದಿನ ಸಲ ಶೋರೂಮಿಗೆ ಹೋದಾಗ ಬಣ್ಣ, ಕಂತು ಕೇಳುವ ಮೊದಲು ಇಷ್ಟು ಕೇಳಿ: “ನನ್ನ ಓಟ ದಿನಕ್ಕೆ ಇಷ್ಟು, ಲೋಡು ಇಷ್ಟು, ಘಾಟಿ ತಿಂಗಳಿಗೆ ಇಷ್ಟು ಸಲ. ಈ ಎಂಜಿನ್ ಆಗ್ತದಾ? ಡಿಪಿಎಫ್ ಜಾಮ್ ಆದರೆ ವಾರಂಟಿಯಲ್ಲಿ ಬರ್ತದಾ?” ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಲು ಹೇಳಿ. ಬರೆದು ಕೊಡಲು ಹಿಂಜರಿದರೆ, ಆ ಗಾಡಿ ನಿಮ್ಮ ದಾರಿಗೆ ಮಾಡಿದ್ದಲ್ಲ ಅಂತ ತಿಳಿದುಕೊಂಡು ಪಕ್ಕದ ಶೋರೂಮಿಗೆ ಹೋಗಿ.