ಗೊಬ್ಬರದ ವಯಸ್ಸು ಕೇಳಿ ಹಿತ್ತಲಿಗೆ ಹಾಕಿ

ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಎಳೆ ಮೂಲಂಗಿ, ಉಳ್ಳಾಗಡ್ಡಿ ಇರದಿದ್ದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಊಟ ಊಟ ಅನ್ನಿಸುವುದಿಲ್ಲ. ಹಿತ್ತಲಲ್ಲಿ ಕಿತ್ತು, ನೀರಲ್ಲಿ ಒಮ್ಮೆ ಜಾಲಾಡಿ, ಬೇರು ಚಿವುಟಿ ಹಾಗೇ ತಿನ್ನುವ ಈ ರೂಢಿ ಬಲು ಒಳ್ಳೆಯದು, ಉಳಿಯಬೇಕಾದದ್ದು. ಅದು ಉಳಿಯಬೇಕೆಂದರೆ ಒಲೆ ಕಾಣದ ಆ ಸೊಪ್ಪಿನ ಮಡಿಗೆ ಎಂಥ ಗೊಬ್ಬರ ಬಿದ್ದಿದೆ ಎಂದು ವಿಚಾರಿಸಲೇಬೇಕು. ಈ ಐದು ತಾಲ್ಲೂಕುಗಳಲ್ಲಿ ಗೊಬ್ಬರಕ್ಕೆ ಬರವಿಲ್ಲ: ಕುರಿ ಹಟ್ಟಿಯ ಹಿಕ್ಕೆ ಇದೆ, ದನ ಎಮ್ಮೆಗಳ ಸಗಣಿ ಇದೆ, ಕೋಳಿ ಫಾರಂನ ಗೊಬ್ಬರವೂ ಚೀಲಗಟ್ಟಲೆ ಸಿಗುತ್ತದೆ. ಕೊರತೆ ಇರುವುದು ಅದು ಕಳಿಯುವ ತನಕ ಕಾಯುವ ತಾಳ್ಮೆಗೆ. ಹಿತ್ತಲಿಗೆ ಗೊಬ್ಬರ ತರುವವರು ಬೆಲೆಗಿಂತ ಮೊದಲು ಅದರ ವಯಸ್ಸು ಕೇಳಬೇಕು, ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಪೂರ್ತಿ ಕಳಿತದ್ದನ್ನು ಬಿಟ್ಟು ಬೇರೇನನ್ನೂ ಹಾಕಬಾರದು ಎಂಬುದು ನನ್ನ ವಾದ.

ನೋಡಲು ಗಟ್ಟಿಮುಟ್ಟಾಗಿರುವ ದನ, ಕುರಿ, ಕೋಳಿಯ ಹೊಟ್ಟೆಯಲ್ಲೂ ಮನುಷ್ಯರಿಗೆ ವಾಂತಿಭೇದಿ ತರುವ ಇ-ಕೋಲೈ, ಸಾಲ್ಮೊನೆಲ್ಲಾ ಇರಬಹುದು. ಅವು ಹಸಿ ಸಗಣಿಯ ಜೊತೆ ಮಡಿಗೆ ಬರುತ್ತವೆ, ನೀರು ಹಾಯಿಸಿದಾಗ ಸಿಡಿದ ಮಣ್ಣಿನೊಂದಿಗೆ ಎಲೆಗೆ ಅಂಟುತ್ತವೆ. ಮೆಂತ್ಯದ ಎಲೆ ಎಲೆಯ ಸಂದಿಯಲ್ಲಿ ಕೂತ ಆ ಮಣ್ಣು ಒಂದು ಜಾಲಾಟಕ್ಕೆ ಪೂರ್ತಿ ಬಿಡುವುದಿಲ್ಲ. ಸಾವಯವ ಕೃಷಿಗೆ ಅಮೆರಿಕ ಮಾಡಿಕೊಂಡ ನಿಯಮ ಇಲ್ಲಿ ತಿಳಿದಿರಬೇಕು. ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಮಣ್ಣಿಗೆ ಸೇರಿದ ಮೇಲೆ ಕೊಯ್ಲಿಗೆ ಕನಿಷ್ಠ 120 ದಿನ ಕಳೆದಿರಬೇಕು, ತಾಗದ ಬೆಳೆಗೆ 90 ದಿನ. ನಮ್ಮ ಮೆಂತ್ಯ ಒಂದು ತಿಂಗಳಲ್ಲಿ ತಟ್ಟೆಗೆ ಬರುತ್ತದೆ.

ಇಲ್ಲಿ ಮೊದಲು ಏಳುವ ಮಾತು, ನಮ್ಮ ಹಿರಿಯರು ಇದನ್ನೇ ಹಾಕಲಿಲ್ಲವೇ ಎಂಬುದು. ಹಾಕಿದರು, ಆದರೆ ಹೊಲಕ್ಕೆ ಹಾಕಿದರು, ಹಾಕಿದ ಕ್ರಮವೂ ಬೇರೆ. ವರ್ಷವಿಡೀ ತಿಪ್ಪೆಯಲ್ಲಿ ಬಿದ್ದ ಗೊಬ್ಬರವನ್ನು ಬೇಸಿಗೆಯಲ್ಲಿ ಬಂಡಿ ಹೂಡಿ ಸಾಗಿಸಿ, ಮುಂಗಾರಿಗೆ ಮೊದಲು ಹರಡಿ, ಆಮೇಲೆ ಜೋಳವನ್ನೋ ಶೇಂಗಾವನ್ನೋ ಬಿತ್ತುತ್ತಿದ್ದರು. ಹೊಲದಲ್ಲಿ ಕುರಿ ತರುಬಿಸಿದರೂ ಅಷ್ಟೇ. ಬಿದ್ದ ಹಿಕ್ಕೆ ರಂಟೆ ಕುಂಟೆಗೆ ಸಿಕ್ಕು ಮಣ್ಣಾಗಿ, ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ನಾಲ್ಕು ತಿಂಗಳ ಆಸುಪಾಸು. ಕಾಳು ಬೀಸಿ ಬೇಯಿಸಿಯೇ ಬಾಯಿಗೆ. ಯಾವ ಪುಸ್ತಕ ನೋಡದೆಯೂ ಆ ಬೇಸಾಯ 120 ದಿನದ ಲೆಕ್ಕದ ಹತ್ತಿರವೇ ನಡೆಯುತ್ತಿತ್ತು. ಈಗ ಅದೇ ಹಿಕ್ಕೆಯನ್ನು ಒಂದು ಚೀಲ ತಂದು, ಅದೇ ವಾರ ಮಡಿಗೆ ಸುರಿದು, ತಿಂಗಳು ತುಂಬುವುದರೊಳಗೆ ಸೊಪ್ಪು ಕೊಯ್ಯುವುದಕ್ಕೆ ಹಿರಿಯರ ಹೆಸರು ಹೇಳುವುದು ಅವರ ಕಸುಬಿಗೆ ಮಾಡುವ ಅನ್ಯಾಯ.

ಎರಡನೆಯ ಮಾತು ಇನ್ನೂ ಬಲವಾದದ್ದು: ನಮ್ಮ ಸೀಮೆಯ ಬಿಸಿಲಿಗೆ ಯಾವ ರೋಗಾಣು ಉಳಿದೀತು? ಬಿಸಿಲು ರಾಶಿಯ ಮೇಲ್ಪದರವನ್ನು ಸುಡುತ್ತದೆ ನಿಜ. ಒಳಗಿನ ಗೊಬ್ಬರವನ್ನು ಶುದ್ಧ ಮಾಡುವುದು ಅದು ಕೊಳೆಯುವಾಗ ತಾನೇ ಹುಟ್ಟಿಸುವ ಕಾವು. ಸುಮಾರು 55 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಕೆಲವು ದಿನ ನಿಂತು, ಅಂಚಿನದ್ದೂ ಒಳಗೆ ಹೋಗುವಂತೆ ರಾಶಿಯನ್ನು ತಿರುವಿ ಹಾಕಿದರೆ ರೋಗಾಣುಗಳೂ ಕಳೆಯ ಬೀಜಗಳೂ ಬಹುಪಾಲು ಸಾಯುತ್ತವೆ. ಆ ಕಾವಿಗೆ ತೇವ ಬೇಕು. ಬಯಲಿನಲ್ಲಿ ಒಣಗಿದ ಹಿಕ್ಕೆಯ ರಾಶಿ ಕೊಳೆಯುವುದೇ ಇಲ್ಲ, ಸುಮ್ಮನೆ ಒಣಗಿ ಕೂತಿರುತ್ತದೆ. ವರ್ಷದ ಹಳೆಯದು ಎಂದು ಮಾರುವ ಕುರಿ ಗೊಬ್ಬರದಿಂದ ಒಂದು ಹಿಕ್ಕೆ ತೆಗೆದು ಬೆರಳಲ್ಲಿ ಒಡೆದು ನೋಡಿ. ಹೊರಗೆ ಕಪ್ಪು ಸಿಪ್ಪೆ, ಒಳಗೆ ಹಸಿರು ಹಳದಿ ನಾರು ಹಾಗೇ ಇದ್ದರೆ ಅದಕ್ಕೆ ವಯಸ್ಸಾಗಿದೆ, ಆದರೆ ಕಳಿತಿಲ್ಲ. ಕಳಿತ ಗೊಬ್ಬರ ಕಪ್ಪಗೆ ಪುಡಿಪುಡಿಯಾಗಿರುತ್ತದೆ, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಇರುತ್ತದೆ, ಸಗಣಿಯ ಕಮಟು ಇರುವುದಿಲ್ಲ.

ನೀರಿಲ್ಲದ ಊರಲ್ಲಿ ರಾಶಿಗೆ ನೀರು ಹೊಯ್ದು ವಾರಕ್ಕೊಮ್ಮೆ ತಿರುವುವವರು ಯಾರು? ಈ ಆಕ್ಷೇಪಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಹುಟ್ಟಿದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ.ಎನ್. ಆಚಾರ್ಯ ರೂಪಿಸಿದ ಗುಂಡಿ ಗೊಬ್ಬರದ ವಿಧಾನ ಬೆಂಗಳೂರು ಪದ್ಧತಿ ಎಂದೇ ಹೆಸರಾಯಿತು. ಪಟ್ಟಣದ ಕಸ ಮತ್ತು ಮಲವನ್ನು ಪದರ ಪದರವಾಗಿ ಗುಂಡಿಗೆ ತುಂಬಿ, ಮೇಲೆ ಮಣ್ಣು ಮೆತ್ತಿ ಆರರಿಂದ ಎಂಟು ತಿಂಗಳು ಮುಟ್ಟದೆ ಬಿಡುವ ಕ್ರಮ ಅದು. ಮನೆಯ ಹಿತ್ತಲಿಗೆ ಮಲ ಬೇಡವೇ ಬೇಡ, ನಾಯಿ ಬೆಕ್ಕಿನದೂ ಬೇಡ. ಆದರೆ ಗುಂಡಿಯ ಉಪಾಯವನ್ನು ತೆಗೆದುಕೊಳ್ಳಬೇಕು. ಗುಂಡಿಯಲ್ಲಿ ತೇವ ಉಳಿಯುತ್ತದೆ, ತಿರುವುವ ಕೆಲಸವಿಲ್ಲ. ಮರದ ನೆರಳಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಒಣ ಎಲೆ, ಜೋಳದ ದಂಟಿನ ಚೂರು, ಸಗಣಿ ಒಂದರ ಮೇಲೊಂದು ಹಾಕಿ, ತರಕಾರಿ ತೊಳೆದ ನೀರು ಚಿಮುಕಿಸಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗುವಷ್ಟು ತೇವ ಸಾಕು. ತಿರುವದ ಗುಂಡಿಯಲ್ಲಿ ಕಾವು ಎಲ್ಲೆಡೆ ಒಂದೇ ಸಮ ಏರುವುದಿಲ್ಲ, ಆ ಕೊರತೆಯನ್ನು ತಿಂಗಳುಗಳು ತುಂಬಬೇಕು. ಆದ್ದರಿಂದಲೇ ಎರಡೇ ತಿಂಗಳಿಗೆ ಆತುರಪಟ್ಟು ಬಗೆಯಬಾರದು.

ಕಳಿಯದ ಗೊಬ್ಬರ ಗಿಡಕ್ಕೂ ಒಳ್ಳೆಯದಲ್ಲ. ಹಸಿ ಕೋಳಿ ಗೊಬ್ಬರ ಎಳೆ ಸಸಿಯ ಬೇರು ಸುಡುತ್ತದೆ. ಅರೆ ಕೊಳೆತ ತಿಪ್ಪೆಯಿಂದ ಗೊಣ್ಣೆಹುಳು ತೋಟಕ್ಕೆ ಬರುತ್ತದೆ. ಇನ್ನು ಬಳ್ಳಾರಿ ಜಾಲಿ: ಕುರಿ, ಮೇಕೆ, ದನ ಅದರ ಕಾಯಿಯನ್ನು ಸಿಹಿಗಾಗಿ ತಿನ್ನುತ್ತವೆ, ಗಟ್ಟಿ ಬೀಜ ಹೊಟ್ಟೆ ದಾಟಿ ಹಿಕ್ಕೆ ಸಗಣಿಯಲ್ಲಿ ಹೊರಬಿದ್ದು ಮೊಳೆಯುತ್ತದೆ. ಮುಳ್ಳು ಬೇಡವೆನ್ನುವವರು ತಾವೇ ಅದನ್ನು ಹಿತ್ತಲಿಗೆ ಬಿತ್ತಿಕೊಂಡಂತಾಗುತ್ತದೆ. ಹಾಗೆಂದು ಎಲ್ಲ ಗಿಡಕ್ಕೂ ಒಂದೇ ಕಟ್ಟುನಿಟ್ಟು ಬೇಕಿಲ್ಲ. ನುಗ್ಗೆ, ನಿಂಬೆ, ಹಡಗಲಿಯ ಮಲ್ಲಿಗೆಗೆ ಕೆಲವು ತಿಂಗಳ ಗೊಬ್ಬರವನ್ನು ಬುಡದಿಂದ ದೂರ ಮಣ್ಣಲ್ಲಿ ಮುಚ್ಚಿ ಕೊಟ್ಟರೆ ಅಡ್ಡಿಯಿಲ್ಲ. ಹಸಿ ಸಗಣಿಯ ಜೀವಾಮೃತವನ್ನು ನಂಬುವವರೂ ಅದನ್ನು ಮರಗಿಡಗಳ ಬುಡಕ್ಕೆ ಕೊಡಲಿ, ನಾಳೆ ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಚಿಮುಕಿಸದಿರಲಿ.

ಗೊಬ್ಬರ ಮುಟ್ಟುವವರ ಕಾಳಜಿಯೂ ಇದರಲ್ಲೇ ಸೇರಿದೆ, ಆ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಧನುರ್ವಾಯುವಿನ ರೋಗಾಣು ಸಗಣಿಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಕಾಲಿಗೆ ಚಪ್ಪಲಿ, ಕೈಗೆ ಗವಸು, ಹತ್ತು ವರ್ಷಕ್ಕೊಮ್ಮೆ ಚುಚ್ಚುಮದ್ದು ಬೇಕೇ ಬೇಕು. ಕಂದು ಹಾಕಿದ ಕುರಿ, ಎಮ್ಮೆಯ ಮಾಸನ್ನು ತಿಪ್ಪೆಗೆ ಎಸೆಯುವ ರೂಢಿ ನಿಲ್ಲಲೇಬೇಕು, ಏಕೆಂದರೆ ಬ್ರುಸೆಲ್ಲಾ ಎಂಬ ರೋಗಾಣು ಅದರಿಂದ ಮನುಷ್ಯರಿಗೆ ಹರಡುತ್ತದೆ. ಅದನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಮಾರುವ ಸಾವಯವ ಗೊಬ್ಬರಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಮಾನದಂಡಗಳಿವೆ. ಮನೆ ಬಾಗಿಲಿಗೆ ಟ್ರ್ಯಾಕ್ಟರಿನಲ್ಲಿ ಬರುವ ಲೋಡಿಗೆ ಕೊಳ್ಳುವವರ ಕಣ್ಣು, ಮೂಗೇ ಪರೀಕ್ಷೆ. ಅದಕ್ಕಿಂತ ಸ್ವಂತ ಗುಂಡಿ ಲೇಸು. ಯುಗಾದಿಗೆ ಗುಂಡಿ ಮುಚ್ಚಿ, ಆ ತಾರೀಖನ್ನು ಪಕ್ಕದ ಗೋಡೆಗೆ ಸುಣ್ಣದಲ್ಲಿ ಬರೆದಿಟ್ಟರೆ ದೀಪಾವಳಿಗೆ ಏಳು ತಿಂಗಳಾಗುತ್ತದೆ. ಪಾಡ್ಯದ ದಿನ ತಿಪ್ಪೆಗೆ ಪೂಜೆ ಮಾಡುವ ಮನೆಗಳು ಪೂಜೆ ಮುಗಿಸಿ ಅದನ್ನು ತೆರೆಯಬಹುದು, ಹಿಂಗಾರಿನ ಮೆಂತ್ಯ, ಕೊತ್ತಂಬರಿ, ಮೂಲಂಗಿಯ ಮಡಿ ಕಟ್ಟುವ ಹೊತ್ತೂ ಅದೇ.