ಔಷಧ ನಿಂತಿತೆಂದು ತೋಟ ಕಡಿಯಬೇಕೆ?

ಮಳೆಗಾಲಕ್ಕೆ ಮುನ್ನ ಅಡಿಕೆಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡಿಗರಿಗೆ ಹೊಸತಲ್ಲ. ಮರ ಎಷ್ಟೇ ಗಟ್ಟಿಯಾಗಿರಲಿ, ಔಷಧ ತಪ್ಪಿದ ವರ್ಷ ಕೊಳೆರೋಗದ ಭಯ ತಪ್ಪದು. ಒಂದು ತೋಟಕ್ಕೆ ತಗುಲಿದ್ದು ಪಕ್ಕದ ತೋಟಕ್ಕೂ ಹರಡುವುದು. ಕಂಪ್ಯೂಟರಿನ ಸುರಕ್ಷತಾ ಅಪ್‌ಡೇಟ್ ಕೂಡ ಇಂಥದೇ ಸಿಂಪಡಣೆ. ಆಪರೇಟಿಂಗ್ ಸಿಸ್ಟಂನಲ್ಲಿ ಹೊಸದಾಗಿ ಕಾಣಿಸುವ ಬಿರುಕುಗಳನ್ನು ತಯಾರಕರು ಆಗಾಗ ಮುಚ್ಚುತ್ತಿರಲೇಬೇಕು.

2015ರಲ್ಲಿ ಬಂದ ವಿಂಡೋಸ್ 10ಕ್ಕೆ ಈ ಉಚಿತ ಸೇವೆಯನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಘಟಕವೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. ಹೀಗಾಗಿ 2017ಕ್ಕೆ ಮೊದಲು ಕೊಂಡ ಬಹುತೇಕ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಅನರ್ಹವಾದವು. ನಾನು ದಿನದ ಮಳೆಯ ಲೆಕ್ಕ ಬರೆದಿಡುವ ಕಂಪ್ಯೂಟರೂ ಅವುಗಳಲ್ಲೊಂದು.

ಕಂಪನಿ ಅವಧಿಯನ್ನು ವಿಸ್ತರಿಸಿದ್ದು ನಿಜ. 2025ರಲ್ಲಿ ಪ್ರಕಟಿಸಿದಂತೆ, ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ 30 ಡಾಲರಿಗೆ ಅಪ್‌ಡೇಟ್. ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಬಳಿಕ ವರ್ಷವರ್ಷವೂ ದುಪ್ಪಟ್ಟು, ಒಟ್ಟು ಮೂರು ವರ್ಷ. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕ್ರಮವಾಗಿ 1, 2, 4 ಡಾಲರ್. ಒಂದೇ ಔಷಧಕ್ಕೆ ಒಬ್ಬರಿಗೆ 61, ಇನ್ನೊಬ್ಬರಿಗೆ 1! ಔಷಧ ತಯಾರಾಗುತ್ತಲೇ ಇದೆ, ಅದರ ಬೆಲೆ ಶ್ರಮದ ಲೆಕ್ಕದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಳೆಯದನ್ನು ಎಂದೆಂದಿಗೂ ಪೋಷಿಸಲಾಗದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ 2014ರಲ್ಲೇ ಕೈಬಿಟ್ಟ ವಿಂಡೋಸ್ ಎಕ್ಸ್‌ಪಿಗೂ, 2017ರ ಮೇ ತಿಂಗಳಲ್ಲಿ ವನ್ನಾಕ್ರೈ ದಾಳಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿದಾಗ, ಅದೇ ಕಂಪನಿ ಉಚಿತವಾಗಿ ತೇಪೆ ಒದಗಿಸಿತು. ಮನಸ್ಸಿದ್ದರೆ ಮಾರ್ಗವಿದೆ.

ಈ ಪ್ರಶ್ನೆ ಪರಿಸರದ್ದೂ ಹೌದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತು ಹೊರಹಾಕಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿನ ಸೀಸ, ಪಾದರಸಗಳು ಕೊನೆಗೆ ಯಾರದೋ ಮಣ್ಣು, ಯಾರದೋ ನೀರನ್ನು ಸೇರುತ್ತವೆ. ಬಳಸುವಾಗಿನ ವಿದ್ಯುತ್ತಿಗಿಂತ ತಯಾರಿಕೆಯಲ್ಲೇ ಲ್ಯಾಪ್‌ಟಾಪಿನ ಇಂಗಾಲದ ಹೊರೆ ಹೆಚ್ಚು. ಆದ್ದರಿಂದ ಇದ್ದುದನ್ನು ಇನ್ನೈದು ವರ್ಷ ಬಾಳಿಸುವುದೇ ದೊಡ್ಡ ಉಳಿತಾಯ.

ಬೋರ್ಡೋ ದ್ರಾವಣದ ಹಿರಿಮೆಯೊಂದನ್ನು ಇಲ್ಲಿ ನೆನೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಸೂತ್ರ ಎಲ್ಲರದು. ಯಾವ ಅಂಗಡಿ ಮುಚ್ಚಿದರೂ ರೈತ ತಾನೇ ತಯಾರಿಸಿಕೊಳ್ಳಬಲ್ಲ. ಲಿನಕ್ಸ್‌ನಂಥ ಮುಕ್ತ ತಂತ್ರಾಂಶದ ಗುಣವೂ ಇದೇ. ಕೇರಳದ ಸರ್ಕಾರಿ ಶಾಲೆಗಳು ಅದರಲ್ಲೇ ಪಾಠ ನಡೆಸಿ ತೋರಿಸಿವೆ.

ಎಷ್ಟು ವರ್ಷ ಅಪ್‌ಡೇಟ್ ದೊರೆಯುವುದೆಂದು ಕೊಳ್ಳುವಾಗಲೇ ಬರೆದುಕೊಡುವುದನ್ನು ಕಾನೂನು ಕಡ್ಡಾಯಗೊಳಿಸಲಿ. ಸೇವೆ ನಿಲ್ಲಿಸುವ ಕಂಪನಿ ತನ್ನ ಸೂತ್ರವನ್ನು ಸಾರ್ವಜನಿಕರಿಗೆ ಒಪ್ಪಿಸಲಿ. ಅಲ್ಲಿಯವರೆಗೆ, ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಆದರೆ ಅದನ್ನು ಗುಜರಿಗೂ ಹಾಕಬೇಡಿ. ಕಡತಗಳನ್ನು ಬೇರೆಡೆ ಉಳಿಸಿಕೊಂಡು ಲಿನಕ್ಸ್ ಅಳವಡಿಸಿ. ವಿದ್ಯಾರ್ಥಿ ಮಿತ್ರರೇ, ನಿಮ್ಮೂರಿನ ಶಾಲೆಯ, ಸೊಸೈಟಿಯ ಒಂದೊಂದು ಯಂತ್ರವನ್ನಾದರೂ ಹೀಗೆ ಉಳಿಸಿಕೊಡಿ.