ನಾಡು ಉಳಿಯಿತು, ಊರಿನ ಸಭೆ ಅಳಿಯಿತು

ಆಡಳಿತದ ಗಡಿಯನ್ನು ಲೇಖನಿಯಿಂದ ಎಳೆಯಬಹುದು, ಲೇಖನಿಯಿಂದಲೇ ಅಳಿಸಲೂಬಹುದು. ಆದರೆ ಜನಮಾನಸದಲ್ಲಿ ನೆಲೆಗೊಂಡ ನಾಡಿನ ಮೇರೆಯನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಈ ಮಾತಿಗೆ ಸ್ಕಾಟ್ಲೆಂಡಿನ ಫೈಫ್ ಎಂಬ ಕೌಂಟಿಯ ಚರಿತ್ರೆಯು ಉತ್ತಮ ನಿದರ್ಶನವಾಗಿದೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯನ್ನು ಹೋಲುವ ಪ್ರಾದೇಶಿಕ ವಿಭಾಗ. ಸುಮಾರು 3,70,000 ಜನರು ವಾಸಿಸುವ ಈ ಚಿಕ್ಕ ನಾಡು ತನ್ನ ಅಸ್ತಿತ್ವಕ್ಕಾಗಿ ನಡೆಸಿದ ಹೋರಾಟವನ್ನೂ, ಆ ಗೆಲುವಿನ ನಡುವೆಯೇ ಅದು ಕಳೆದುಕೊಂಡುದನ್ನೂ ಓದುಗರ ಮುಂದಿಡಬೇಕೆಂಬುದು ಈ ತಿಂಗಳ ನಮ್ಮ ಅಪೇಕ್ಷೆ.

ಫೈಫ್ ಮೂರು ಕಡೆ ನೀರಿನಿಂದ ಆವೃತವಾದ ನೆಲ. ದಕ್ಷಿಣಕ್ಕೆ ಫೋರ್ತ್ ಅಳಿವೆ, ಉತ್ತರಕ್ಕೆ ಟೇ ಅಳಿವೆ, ಪೂರ್ವಕ್ಕೆ ಉತ್ತರ ಸಮುದ್ರ. ಫೋರ್ತಿನ ಆಚೆ ದಡದಲ್ಲಿ ರಾಜಧಾನಿ ಎಡಿನ್‌ಬರೊ, ಟೇ ನದಿಯ ಆಚೆ ದಡದಲ್ಲಿ ಡಂಡೀ ನಗರ. ಎರಡು ಪ್ರಬಲ ನಗರಗಳ ನಡುವೆ ಇದ್ದೂ ಈ ನಾಡು ತನ್ನತನವನ್ನು ಬಿಟ್ಟುಕೊಟ್ಟಿಲ್ಲ. ಇಲ್ಲಿನ ಜನರು ತಮ್ಮ ಕೌಂಟಿಯನ್ನು ಇಂದಿಗೂ ‘ಫೈಫ್ ರಾಜ್ಯ’ ಎಂದೇ ಕರೆಯುತ್ತಾರೆ. ಪ್ರಾಚೀನ ಪಿಕ್ಟ್ ಜನಾಂಗದವರ ಕಾಲದಲ್ಲಿ ಇದೊಂದು ರಾಜ್ಯವಾಗಿತ್ತೆಂಬ ಪ್ರತೀತಿಯೇ ಈ ಹೆಸರಿಗೆ ಆಧಾರ.

ಈ ನಾಡು ಚಿಂದಿಬಟ್ಟೆಗೆ ಚಿನ್ನದ ಅಂಚು ಕಟ್ಟಿದಂತಿದೆ ಎಂಬರ್ಥದ ಒಂದು ಮಾತು ಆರನೆಯ ಜೇಮ್ಸ್ ದೊರೆಯ ಹೆಸರಿನಲ್ಲಿ ರೂಢಿಗೆ ಬಂದಿದೆ. ಒಳನಾಡು ಬಡವಾಗಿದ್ದರೂ ಕಡಲ ತೀರದ ಪಟ್ಟಣಗಳು ಮೀನುಗಾರಿಕೆ, ಉಪ್ಪು ಮತ್ತು ಹಡಗು ವ್ಯಾಪಾರಗಳಿಂದ ಸಂಪನ್ನವಾಗಿದ್ದವು. ಕ್ರೇಲ್, ಆನ್‌ಸ್ಟ್ರದರ್, ಪಿಟ್ಟನ್‌ವೀಮ್ ಮೊದಲಾದವು ಇಂತಹ ಪಟ್ಟಣಗಳು. ಇವುಗಳಿಗೆ ಅರಸರ ಸನದು ದೊರೆತಿತ್ತು. ಸಂತೆ ನಡೆಸುವ, ವ್ಯಾಪಾರ ಮಾಡುವ, ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ ಹಕ್ಕು ಆ ಸನದಿನಿಂದ ಪ್ರಾಪ್ತವಾಗುತ್ತಿತ್ತು. ಕ್ರೇಲ್ ಪಟ್ಟಣಕ್ಕೆ ರಾಬರ್ಟ್ ಬ್ರೂಸ್ ಅರಸನು 1310ರಲ್ಲಿ ಸನದು ಕೊಟ್ಟನು. ಆ ಅರಸನ ಸಮಾಧಿಯಿರುವುದು ಇದೇ ಕೌಂಟಿಯ ಡನ್‌ಫರ್ಮ್‌ಲಿನ್ ಮಠದ ಆವರಣದಲ್ಲಿ. ಸೇಂಟ್ ಆಂಡ್ರೂಸ್ ಪಟ್ಟಣವು ವಿದ್ಯೆಗೆ ಹೆಸರಾದುದು. ಅಲ್ಲಿನ ವಿಶ್ವವಿದ್ಯಾಲಯಕ್ಕೆ 1413ರಲ್ಲಿ ಪೋಪರ ಮನ್ನಣೆ ದೊರೆಯಿತು. ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಅದೇ ಹಿರಿಯದು. ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಮ್ ಸ್ಮಿತ್ ಜನಿಸಿದ್ದು 1723ರಲ್ಲಿ, ಕರ್ಕಾಲ್ಡಿ ಎಂಬ ರೇವುಪಟ್ಟಣದಲ್ಲಿ.

ಈ ನಾಡಿಗೂ ನಮ್ಮ ನಾಡಿಗೂ ಸಂಬಂಧವಿದೆಯೆಂಬುದು ಅನೇಕರಿಗೆ ತಿಳಿದಿರಲಾರದು. ಸೇಂಟ್ ಆಂಡ್ರೂಸ್‌ನಲ್ಲಿ ಹುಟ್ಟಿದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದನು. ದೇಶೀಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಯಲ್ಲಿ ಅಳವಡಿಸಿದನು. ದೊಡ್ಡ ವಿದ್ಯಾರ್ಥಿಗಳು ಚಿಕ್ಕವರಿಗೆ ಪಾಠ ಹೇಳುವ ಕ್ರಮವನ್ನೂ ರೂಪಿಸಿದನು. ನಮ್ಮ ಕೂಲಿಮಠಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಮುಂದೆ ಅವನು ಕೊಟ್ಟ ದ್ರವ್ಯದಿಂದ ಸೇಂಟ್ ಆಂಡ್ರೂಸ್‌ನಲ್ಲಿ 1833ರಲ್ಲಿ ಆರಂಭವಾದ ವಿದ್ಯಾಲಯದ ಹೆಸರು ‘ಮದ್ರಾಸ್ ಕಾಲೇಜ್’. 1996ರಲ್ಲಿ ಮದರಾಸು ಚೆನ್ನೈ ಆಯಿತು. ಫೈಫಿನ ವಿದ್ಯಾಲಯ ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಶ್ರೀರಂಗಪಟ್ಟಣದಲ್ಲಿ ಮಡಿದ ಟಿಪ್ಪು ಸುಲ್ತಾನನ ದೇಹವನ್ನು ಸೇನಾನಿ ಬೇರ್ಡ್ ಪಂಜಿನ ಬೆಳಕಿನಲ್ಲಿ ಕಾಣುವ ಪ್ರಸಿದ್ಧ ಚಿತ್ರವನ್ನು ರಚಿಸಿದ ಡೇವಿಡ್ ವಿಲ್ಕಿಯೂ ಫೈಫಿನ ಕಲ್ಟ್ಸ್ ಎಂಬ ಗ್ರಾಮದವನೇ.

ಇನ್ನು ಈ ನಾಡಿನ ನೋವಿನ ಕಥೆಗೆ ಬರೋಣ. ತೀರದಲ್ಲಿ ಚಿನ್ನವಿದ್ದರೆ ನೆಲದೊಳಗೆ ಕಲ್ಲಿದ್ದಲು ಇತ್ತು. ಹದಿನೇಳನೆಯ ಶತಮಾನದ ಹೊತ್ತಿಗಾಗಲೇ ಕಲ್ರಾಸ್ ಎಂಬಲ್ಲಿ ಜಾರ್ಜ್ ಬ್ರೂಸ್ ಎಂಬ ವರ್ತಕನು ಅಳಿವೆಯ ನೀರಿನ ಅಡಿಯಲ್ಲಿ ಗಣಿ ನಡೆಸುತ್ತಿದ್ದನು. 1625ರ ಬಿರುಗಾಳಿಗೆ ಅದು ಮುಳುಗಿಹೋಯಿತು. ಆದರೆ ಗಣಿಗಿಳಿದು ದುಡಿದವರ ಸ್ಥಿತಿಯೇನು? ಸ್ಕಾಟ್ಲೆಂಡಿನ ಪಾರ್ಲಿಮೆಂಟು 1606ರಲ್ಲಿ ಮಾಡಿದ ಕಾನೂನು ಗಣಿಗಾರರನ್ನೂ ಉಪ್ಪಿನ ಕೆಲಸದವರನ್ನೂ ಒಡೆಯನಿಗೆ ಕಟ್ಟಿಹಾಕಿತು. ಅಪ್ಪಣೆಯಿಲ್ಲದೆ ಬಿಟ್ಟುಹೋದವನನ್ನು ಕಳ್ಳನೆಂದು ಪರಿಗಣಿಸಲಾಗುತ್ತಿತ್ತು. ಅವನು ಕದ್ದದ್ದು ತನ್ನನ್ನೇ! ಮಗುವಿನ ನಾಮಕರಣದ ಸಮಯದಲ್ಲಿ ತಂದೆಯ ಕೈಗೆ ಸ್ವಲ್ಪ ಹಣವಿತ್ತು ಆ ಹಸುಳೆಯನ್ನೂ ಗಣಿಗೆ ಬದ್ಧಗೊಳಿಸುವ ರೂಢಿಯಿತ್ತು. ಈ ಜೀತವು ಸಂಪೂರ್ಣವಾಗಿ ನಿವಾರಣೆಯಾದುದು 1799ರಲ್ಲಿ.

ಜೀತದ ನೆನಪು ಮಾಸದ ಜನರಲ್ಲಿ ಸಂಘಟನೆಯ ಪ್ರಜ್ಞೆ ಬಲವಾಗಿ ಬೇರೂರಿದುದು ಸಹಜವೇ. 1870ರಲ್ಲಿ ಫೈಫಿನ ಗಣಿಗಾರರು ದಿನಕ್ಕೆ ಎಂಟು ಗಂಟೆಯ ದುಡಿಮೆಯ ಹಕ್ಕನ್ನು ಗಳಿಸಿಕೊಂಡರು. ಪಶ್ಚಿಮ ಫೈಫ್ ಕ್ಷೇತ್ರವು 1935ರಲ್ಲಿ ವಿಲ್ಲಿ ಗ್ಯಾಲಕರ್ ಎಂಬ ಕಮ್ಯುನಿಸ್ಟ್ ಮುಂದಾಳುವನ್ನು ಲಂಡನ್ನಿನ ಪಾರ್ಲಿಮೆಂಟಿಗೆ ಕಳುಹಿಸಿತು. 1950ರವರೆಗೆ ಅವರು ಆ ಸ್ಥಾನದಲ್ಲಿದ್ದರು. ಅದೇ ಕೌಂಟಿಯ ಪೂರ್ವಭಾಗದ ರೀತಿ ಬೇರೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಲಿಬರಲ್ ಪಕ್ಷದ ಆಸ್ಕ್ವಿತ್ 1886ರಿಂದ 1918ರವರೆಗೆ ಅಲ್ಲಿಂದಲೇ ಆರಿಸಿ ಬಂದವರು. ಒಂದೇ ನಾಡಿನಲ್ಲಿ ಗಣಿಯ ರಾಜಕೀಯ ಒಂದು, ಹೊಲ ಮತ್ತು ವಿದ್ಯಾಪೀಠದ ರಾಜಕೀಯ ಇನ್ನೊಂದು. ಮತವೊಂದರ ಬೆಲೆಯೇನೆಂದು ಕೇಳುವವರು ಈಶಾನ್ಯ ಫೈಫ್ ಕ್ಷೇತ್ರದ 2017ರ ಚುನಾವಣೆಯನ್ನು ನೋಡಬೇಕು. ಅಲ್ಲಿ ಗೆದ್ದವರ ಅಂತರ ಕೇವಲ 2 ಮತ!

ಪರಸ್ಪರ ಇಷ್ಟು ಭಿನ್ನರಾದ ಈ ಜನರು ಒಂದಾದ ಸಂದರ್ಭವೊಂದುಂಟು. ಸ್ಕಾಟ್ಲೆಂಡಿನ ಸ್ಥಳೀಯ ಆಡಳಿತವನ್ನು ಪುನರ್ರಚಿಸಲು ನೇಮಕಗೊಂಡ ವೀಟ್ಲಿ ಆಯೋಗವು 1969ರಲ್ಲಿ ವರದಿ ಸಲ್ಲಿಸಿತು. ಅದರಂತೆ ಫೈಫ್ ಎರಡು ಹೋಳಾಗಬೇಕಿತ್ತು. ಉತ್ತರದ ಭಾಗ ಡಂಡೀ ಕಡೆಗೆ, ದಕ್ಷಿಣದ ಭಾಗ ಎಡಿನ್‌ಬರೊ ಕಡೆಗೆ. ಆಯೋಗದ ತರ್ಕದಲ್ಲಿ ಹುರುಳಿಲ್ಲದಿರಲಿಲ್ಲ. 1964ರಲ್ಲಿ ಫೋರ್ತಿಗೂ 1966ರಲ್ಲಿ ಟೇ ನದಿಗೂ ರಸ್ತೆ ಸೇತುವೆಗಳಾಗಿದ್ದವು. ಜನರ ಓಡಾಟ ಆ ನಗರಗಳತ್ತ ಹರಿಯತೊಡಗಿತ್ತು. ಆದರೆ ಸೇತುವೆ ದಾಟಿ ದುಡಿಯಲು ಹೋಗುವುದು ಬೇರೆ, ಮನೆಯ ಹೆಸರನ್ನೇ ಬಿಟ್ಟುಕೊಡುವುದು ಬೇರೆ. ಫೈಫಿನ ಜನರು ಪಕ್ಷಭೇದ ಮರೆತು ವಿರೋಧಿಸಿದರು. ಕಡೆಗೆ 1973ರ ಕಾಯಿದೆಯು ಫೈಫನ್ನು ಅಖಂಡವಾಗಿ ಉಳಿಸಿತು. 1975ರಲ್ಲಿ ಅದು ಒಂದು ಪ್ರಾಂತವಾಯಿತು.

ಇದು ವಿಜಯದ ಒಂದು ಮುಖ. ಇನ್ನೊಂದು ಮುಖವನ್ನು ಮರೆಯಬಾರದು. ಅದೇ ಕಾಯಿದೆಯು ಸ್ಕಾಟ್ಲೆಂಡಿನ ಪುರಸಭೆಗಳನ್ನೆಲ್ಲ ರದ್ದುಗೊಳಿಸಿತು. 1310ರ ಸನದನ್ನು ಹೊಂದಿದ್ದ ಕ್ರೇಲ್ ತನ್ನ ಪುರಸಭೆಯನ್ನು 665 ವರ್ಷಗಳ ತರುವಾಯ ಕಳೆದುಕೊಂಡಿತು. ಮೊದಲು ಪ್ರಾಂತದ ಕೆಳಗೆ ಡನ್‌ಫರ್ಮ್‌ಲಿನ್, ಕರ್ಕಾಲ್ಡಿ, ಈಶಾನ್ಯ ಫೈಫ್ ಎಂಬ ಮೂರು ಜಿಲ್ಲಾ ಸಭೆಗಳಾದರೂ ಇದ್ದವು. 1996ರಲ್ಲಿ ಅವೂ ಹೋಗಿ ಒಂದೇ ಫೈಫ್ ಸಭೆ ಉಳಿಯಿತು. ಇಂದು ಅದರಲ್ಲಿ 75 ಸದಸ್ಯರು. ಅಂದರೆ ಹೆಚ್ಚುಕಡಿಮೆ 5,000 ಜನರಿಗೆ ಒಬ್ಬ ಪ್ರತಿನಿಧಿ. ಊರೂರುಗಳಲ್ಲಿ ಸಮುದಾಯ ಸಭೆಗಳು ಇವೆಯಾದರೂ ಅವು ಅಭಿಪ್ರಾಯ ಹೇಳಬಲ್ಲವೇ ಹೊರತು ತೆರಿಗೆ ವಿಧಿಸಲಾರವು. ರೇವಿನ ಗೋಡೆ ಕುಸಿದರೆ, ಊರಿನ ಗ್ರಂಥಾಲಯ ಮುಚ್ಚುವ ಪ್ರಸಂಗ ಬಂದರೆ, ತೀರ್ಮಾನ ಆಗುವುದು ದೂರದ ಗ್ಲೆನ್‌ರಾಥಿಸ್‌ನಲ್ಲಿ.

ಈ ಗ್ಲೆನ್‌ರಾಥಿಸ್‌ನ ಕಥೆಯೂ ವಿಚಾರಾರ್ಹ. ರಾಥಿಸ್ ಎಂಬ ಹೊಸ ಗಣಿಯ ಕಾರ್ಮಿಕರಿಗಾಗಿ 1948ರಲ್ಲಿ ಯೋಜಿಸಿದ ನವನಗರವಿದು. ಗಣಿಯನ್ನು ರಾಣಿಯವರು 1957ರಲ್ಲಿ ಉದ್ಘಾಟಿಸಿದರು. ತಡೆಯಲಾಗದ ನೀರಿನ ಒರತೆಯಿಂದ 1962ರಲ್ಲಿ ಅದು ಮುಚ್ಚಿಹೋಯಿತು. ಆಧಾರವೇ ಕುಸಿದರೂ ಊರು ಅಳಿಯಲಿಲ್ಲ. ಬೇರೆ ಕೈಗಾರಿಕೆಗಳನ್ನು ಬರಮಾಡಿಕೊಂಡು ಬೆಳೆದು, ಹಳೆಯ ಆಡಳಿತ ಕೇಂದ್ರವಾದ ಕೂಪರ್ ಪಟ್ಟಣದ ಸ್ಥಾನವನ್ನು ತಾನೇ ಪಡೆಯಿತು. ಫೈಫಿನ ಅಂಚಿನ ಲಾಂಗಾನೆಟ್ ಗಣಿಯೂ 2002ರಲ್ಲಿ ನೀರು ನುಗ್ಗಿ ಮುಚ್ಚಿತು; ಅದು ಸ್ಕಾಟ್ಲೆಂಡಿನ ಕೊನೆಯ ಆಳಗಣಿ. ಗಣಿ ಹೋದರೂ ಗಣಿಗಾರರ ಊರುಗಳಿವೆ. ಅವುಗಳ ಅಳಲನ್ನು ಹತ್ತಿರದಿಂದ ಆಲಿಸುವ ಸಭೆ ಮಾತ್ರ ಇಲ್ಲ.

ಡನ್‌ಫರ್ಮ್‌ಲಿನ್‌ನ ಬಡ ನೇಕಾರನ ಮಗ ಆಂಡ್ರ್ಯೂ ಕಾರ್ನೆಗಿಯ ವೃತ್ತಾಂತವನ್ನು ಇಲ್ಲಿ ಸ್ಮರಿಸಬೇಕು. ಊರಿನ ಪಕ್ಕದ ಪಿಟ್ಟನ್‌ಕ್ರೀಫ್ ತೋಟದಲ್ಲಿ ಸಾರ್ವಜನಿಕರ ಹಕ್ಕಿಗಾಗಿ ವಾದಿಸಿದರೆಂದು ಅವನ ತಾಯಿಯ ಮನೆಯವರಿಗೆ ಆ ತೋಟದ ಬಾಗಿಲು ಮುಚ್ಚಿತ್ತು. ಬಾಲಕ ಕಾರ್ನೆಗಿಗೂ ಪ್ರವೇಶವಿರಲಿಲ್ಲ. 1848ರಲ್ಲಿ ಅಮೆರಿಕೆಗೆ ಹೋಗಿ ಉಕ್ಕಿನ ಉದ್ಯಮದಿಂದ ಕೋಟ್ಯಧೀಶನಾದ ಅವನು ಆ ತೋಟವನ್ನೇ ಕೊಂಡು 1903ರಲ್ಲಿ ಊರಿನ ಜನರಿಗೆ ಒಪ್ಪಿಸಿದನು. ಅವನ ಔದಾರ್ಯ ಪ್ರಶಂಸನೀಯ. ಆದರೆ ಊರಿನ ಹಕ್ಕು ಧನಿಕನೊಬ್ಬನ ದಾನಕ್ಕಾಗಿ ಕಾಯಬೇಕಾಯಿತಲ್ಲ ಎಂಬುದನ್ನೂ ಯೋಚಿಸಬೇಕು.

ಫೈಫ್ ಜನತೆಯ ಅನುಭವದಿಂದ ನಮಗೆ ತೋರುವುದಿಷ್ಟು. ನಾಡಿನ ಹೆಸರು ಉಳಿದರೆ ಅಭಿಮಾನ ಉಳಿಯುತ್ತದೆ. ಊರಿನ ಸಭೆ ಉಳಿದರೆ ಅಧಿಕಾರ ಉಳಿಯುತ್ತದೆ. ಮೊದಲನೆಯದಕ್ಕಾಗಿ ಜನರು ಬೀದಿಗಿಳಿಯುತ್ತಾರೆ, ಎರಡನೆಯದು ಸದ್ದಿಲ್ಲದೆ ಕೈಜಾರುತ್ತದೆ. ದೊಡ್ಡ ಆಡಳಿತದಲ್ಲಿ ಖರ್ಚು ಉಳಿಯಬಹುದು, ಯೋಜನೆಗೆ ಅನುಕೂಲವಾಗಬಹುದು. ಆದರೆ ತನ್ನ ಬಾವಿ, ತನ್ನ ಬೀದಿ, ತನ್ನ ಶಾಲೆಗಳ ವಿಷಯದಲ್ಲಿ ಕೂಡಿ ಕುಳಿತು ನಿರ್ಣಯಿಸುವ ಅಭ್ಯಾಸ ತಪ್ಪಿದ ಊರಿಗೆ ಆ ಅಭ್ಯಾಸವನ್ನು ಮರಳಿ ಕೊಡುವುದು ಯಾವ ಕಾಯಿದೆಗೂ ಸುಲಭವಲ್ಲ. ಅಭಿಮಾನ ಮತ್ತು ಅಧಿಕಾರ, ಎರಡನ್ನೂ ಕಾಯುವ ಎಚ್ಚರ ಇರುವಲ್ಲಿ ಮಾತ್ರ ನಾಡು ನಿಜವಾಗಿ ಜನರದಾಗುತ್ತದೆ.